ಬಣ್ಣ ಹಾಕದ ಕುಪ್ಪಿ ಹೊಳೆದ ಮಳೆಗಾಲ

ಬೀರಪ್ಪ ಸುಳ್ಳು ಅಂಕಿ ಬರೆದು ಸಿಕ್ಕಿಬಿದ್ದ ಎಂದು ಹೇಳುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಅವನನ್ನು ಹಿಡಿದವರು ಯಾರು?

ಗಡಹಿಂಗ್ಲಜದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕಥೆ ಆಗಾಗ ಎದ್ದು ಬರುತ್ತದೆ. ಹೊಸದಾಗಿ ಸೇರಿದ ಯಾರಾದರೂ ಪಿಎಚ್.ಡಿ. ಮಾತು ತೆಗೆದರೆ ಸಾಕು, ಹಿರಿಯರೊಬ್ಬರು ತಂಬಾಕನ್ನು ದವಡೆಗೆ ಸರಿಸಿಕೊಂಡು, "ಮಾಡ್ರಿ, ಅವಶ್ಯ ಮಾಡ್ರಿ. ಆದರ ಕುರಿ ಬೀರ್ಯಾನಂಗ ಮಾಡಬ್ಯಾಡ್ರಿ," ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಆಮೇಲೆ ಕಥೆ. ಇದೇ ಕಾಲೇಜಿನಲ್ಲಿ ಬೀರಪ್ಪನೆಂಬ ಲೆಕ್ಚರರ್ ಇದ್ದ, ರಜೆ ಹಾಕಿ ಕೊಲ್ಹಾಪುರಕ್ಕೆ ಹೋಗಿ ಲೇಸರ್ ಬಿಟ್ಟು ಕುರಿಯ ರಕ್ತದಲ್ಲಿ ಏನೋ ಹೊಸದು ಕಂಡೆನೆಂದ, ಅದೆಲ್ಲ ಬುರುಡೆ ಎಂದು ಬಯಲಾಯಿತು, ಸಮಿತಿಯ ಮುಂದೆ ತಲೆ ತಗ್ಗಿಸಿ ನಿಂತ, ಈಗ ತನ್ನೂರು ಸುಳಕೂಡದಲ್ಲಿ ಕುರಿ ಕಾಯುತ್ತಾನೆ. "ಕುರಿ ಬಿಟ್ಟ ಬಂದಿದ್ದ, ಕುರಿಗೇ ಹ್ವಾದ," ಎಂಬಲ್ಲಿಗೆ ಕಥೆ ಮುಗಿದು ಚಹಾ ಬರುತ್ತದೆ.

ಕಥೆ ಚೊಕ್ಕವಾಗಿದೆ. ಚೊಕ್ಕ ಕಥೆಗಳ ಬಗ್ಗೆಯೇ ನನಗೆ ಅನುಮಾನ ಜಾಸ್ತಿ. ಹೈಸ್ಕೂಲಿನಿಂದ ಎಂ.ಎಸ್ಸಿ. ತನಕ ವಾದವಿವಾದ ಸ್ಪರ್ಧೆಗಳ ವೇದಿಕೆಯಲ್ಲೇ ಬೆಳೆದವಳು ನಾನು. ಎದುರಿನವರ ವಾದ ತೀರ ನಯವಾಗಿದ್ದರೆ ಎಲ್ಲೋ ಒಂದು ಎಳೆ ಮುಚ್ಚಿಟ್ಟಿದ್ದಾರೆ ಎಂದೇ ಲೆಕ್ಕ. ಇಲ್ಲಿ ಮುಚ್ಚಿಟ್ಟ ಎಳೆ ಇದು: ಬೀರಪ್ಪಣ್ಣನನ್ನು ಯಾರೂ ಹಿಡಿಯಲಿಲ್ಲ. ತಪ್ಪು ಕಂಡದ್ದು ಅವನ ಮೇಜಿನ ಮೇಲೆ, ಅವನ ಕಣ್ಣಿಗೆ. ಹೋಗಿ ಹೇಳಿದವನೂ ಅವನೇ. ನಾನು ಪಕ್ಕದಲ್ಲಿದ್ದೆ.

ಈ ಸಲ ಜೂನಿನಲ್ಲಿ ಕಥೆ ಮತ್ತೆ ಎದ್ದಾಗ ಹೊರಗೆ ಮಳೆ ಹಿಡಿದಿತ್ತು. ಮೇಜಿನ ಮೇಲೆ ಯಾರೋ ಹೊಸ ಧೋತರದ ಜೋಡಿಯನ್ನು ಬಿಚ್ಚಿಟ್ಟಿದ್ದರು, ನಮ್ಮೂರ ಇಚಲಕರಂಜಿಯ ಮಾಲು. ಒದ್ದೆ ಗಾಳಿಗೆ ಗಂಜಿಯ ವಾಸನೆ, ಅದರಡಿಯಲ್ಲಿ ಮೂಗು ಚುಚ್ಚುವ ಬ್ಲೀಚಿನ ವಾಸನೆ. ಆ ವಾಸನೆ ನನ್ನನ್ನು ನೇರ ಕೊಲ್ಹಾಪುರದ ಕತ್ತಲೆ ಕೋಣೆಗೆ ಎಳೆದೊಯ್ದಿತು.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನಮ್ಮಪ್ಪ ರಬಕವಿ ಕಡೆಯಿಂದ ಬಂದು ಇಚಲಕರಂಜಿಯಲ್ಲಿ ಪವರ್‌ಲೂಮ್ ಹಿಡಿದವನು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿಯೇ ನಮ್ಮ ಮನೆಯವರ ಗಂಟಲು ದೊಡ್ಡದು. ನನ್ನದು ಇನ್ನೂ ದೊಡ್ಡದು. ಎಂ.ಎಸ್ಸಿ. ಮುಗಿಸಿ ಕೊಲ್ಹಾಪುರದ ಹೊರಗೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಂಶೋಧನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದ್ದೆ. ಈಗ ಆ ಕೇಂದ್ರವಿಲ್ಲ. ದಿನಾ ಬೆಳಗಿನ ಎಸ್.ಟಿ. ಬಸ್ಸು, ಕಿಟಕಿಯ ಹೊರಗೆ ಪಂಚಗಂಗೆ ದಿನದಿನಕ್ಕೆ ಕೆಂಪಾಗಿ, ಅಗಲವಾಗಿ, ಕಬ್ಬಿನ ಹೊಲಗಳ ಬುಡಕ್ಕೆ ಬರುತ್ತಿತ್ತು. ಆ ವರ್ಷ ಬಿಸಿಲು ಕಂಡ ನೆನಪೇ ಇಲ್ಲ.

ಬೀರಪ್ಪಣ್ಣನನ್ನು ಮೊದಲ ದಿನ "ಸರ್" ಎಂದು ಕರೆದೆ. ಅವನು ಶೆಗಡಿಯ ಕೆಂಡ ಊದುತ್ತಿದ್ದ. "ಸರ್ ಅಂದ್ರ ಆ ಖೋಲಿಯಾಗ ಕುಂತಾರಲ್ಲ, ಅವರು. ನನಗ ಅಣ್ಣ ಅನ್ನವಾ. ಇಲ್ಲಿಕಂದ್ರ ಕುರಿ ಡಾಕ್ಟರ್ ಅನ್ನು, ಎಲ್ಲಾರೂ ಹಂಗ ಅಂತಾರ."

ಪ್ರಯೋಗಶಾಲೆಯಲ್ಲಿ ಶೆಗಡಿ ಯಾಕೆ ಎಂದು ಕೇಳಿದೆ. ಲೇಸರಿಗೆ ಥಂಡಿ ಆಗಬಾರದಂತೆ. ತಮಾಷೆಯಲ್ಲ. ಆ ಲೇಸರ್ ಪೇಟೆಯಿಂದ ಪೆಟ್ಟಿಗೆಯಲ್ಲಿ ಬಂದದ್ದಲ್ಲ. ತಾಮ್ರದ ತಗಡು, ಗಾಜಿನ ಹಾಳೆ, ಸಾರಜನಕದ ಸಿಲಿಂಡರು, ಸಾವಿರಾರು ವೋಲ್ಟಿನ ಟ್ರಾನ್ಸ್‌ಫಾರ್ಮರು ಸೇರಿಸಿ, ಉದ್ಯಮನಗರದ ಫೌಂಡ್ರಿಗಳಲ್ಲಿ ಅಲೆದು ಅವನೇ ಮಾಡಿಸಿದ್ದು. ಹವೆ ಒದ್ದೆಯಿದ್ದರೆ ಕಿಡಿ ದಾರಿ ತಪ್ಪಿ ಅಂಚಿನಲ್ಲಿ ಹರಿದುಹೋಗುತ್ತಿತ್ತು. ಅದಕ್ಕೇ ಬೆಳಿಗ್ಗೆ ಕೆಂಡದ ಕಾವು ಕೊಟ್ಟು, ಶೆಗಡಿಯನ್ನು ಹೊರಗಿಟ್ಟು, ಕಿಟಕಿಗಳಿಗೆ ಕರಿ ಪರದೆ ಎಳೆದು, ಆಮೇಲೆ ಸ್ವಿಚ್ಚು. ಟಪ್, ಟಪ್, ಟಪ್. ಕಿರಣ ಕಣ್ಣಿಗೆ ಕಾಣುತ್ತಿರಲಿಲ್ಲ. ಎಲ್ಲಿ ಹೋಗುತ್ತಿದೆ ಎಂದು ನೋಡಲು ಬಿಳಿ ಕಾಗದದ ಚೂರು ಹಿಡಿಯಬೇಕು. ಅದರ ಮೇಲೆ ನೀಲಿ ಚುಕ್ಕೆ ಕುಣಿಯುತ್ತದೆ.

"ಇದರಿಂದ ಮಾಡೋದೇನು?" ಎಂದೆ.

"ಎಸ್.ಟಿ. ಬಸ್ಸಿನ ಸೀಟು ಎಣಿಸೋದು."

ರಕ್ತದ ಸೀರಮ್ಮಿನಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಇರುತ್ತದೆ. ಅದು ಬಸ್ಸು. ಮೈಯೊಳಗೆ ಔಷಧಿ, ಕೊಬ್ಬು, ವಿಷ ಎಲ್ಲವನ್ನೂ ಹೊತ್ತು ತಿರುಗುವುದು ಅದೇ. ಅದರೊಳಗೆ ಕೂರಲು ಎಷ್ಟು ಜಾಗವಿದೆ, ಎಲ್ಲಿದೆ ಎಂದು ಕಣ್ಣಿಗೆ ಕಾಣದು. ಆದರೆ ಒಂದು ಜಾತಿಯ ಬಣ್ಣವಿದೆ; ನೀರಿನಲ್ಲಿದ್ದಾಗ ಕಪ್ಪಗೆ ಸುಮ್ಮನಿರುತ್ತದೆ, ಪ್ರೋಟೀನಿನ ಮಡಿಕೆಯೊಳಗೆ ಹೋಗಿ ಕೂತರೆ ಮಾತ್ರ ಲೇಸರ್ ತಾಗಿದ ಕೂಡಲೇ ಹೊಳೆಯುತ್ತದೆ. "ನಿಂತವರ ತಲಿ ಮ್ಯಾಲೆ ದೀಪ ಇಲ್ಲ, ಕುಂತವರ ತಲಿ ಮ್ಯಾಲೆ ದೀಪ ಐತಿ. ಕತ್ತಲಾಗ ಹೊರಗ ನಿಂತ ದೀಪ ಎಣಿಸಿದರ ಸೀಟು ಎಷ್ಟು ಅಂತ ತಿಳೀತೈತಿ. ಇಷ್ಟ ನೋಡ ನನ್ನ ಪಿಎಚ್.ಡಿ."

ವಿದೇಶದಿಂದ ಬರುವ ಅಲ್ಬುಮಿನ್ ಕೈಗೆಟುಕುತ್ತಿರಲಿಲ್ಲ. ಬೀರಪ್ಪಣ್ಣ ಕುರಿ ಸಾಕುವ ಮನೆಯವನು. ಕುರಿಯ ರಕ್ತವನ್ನು ಬರ್ಫದ ಥರ್ಮಾಸಿನಲ್ಲಿ ತಂದು ಅದರಿಂದಲೇ ಅಲ್ಬುಮಿನ್ ತೆಗೆಯುತ್ತಿದ್ದ. ಅವನಿಗೆ ಕಂಡದ್ದು, ಎಲ್ಲರೂ ಬಲ್ಲ ಸೀಟಿನ ಜೊತೆಗೆ ಇನ್ನೊಂದು ಸೀಟು. ಅಲ್ಲಿಂದ ಬರುವ ಬೆಳಕು ತುಸು ಹೆಚ್ಚು ನೀಲಿ. ನಾನು ಸೇರುವ ಹೊತ್ತಿಗೆ ಪ್ರಬಂಧ ಪರೀಕ್ಷಕರಿಗೆ ಹೋಗಿಯಾಗಿತ್ತು. ಇಡೀ ಪ್ರಬಂಧ ಆ ಎರಡನೆಯ ಸೀಟಿನ ಮೇಲೆ ಕೂತಿತ್ತು. ಪ್ರಬಂಧದ ಮೇಲೆ ಗಡಹಿಂಗ್ಲಜದ ನೌಕರಿ. ವರ್ಷದೊಳಗೆ ಡಿಗ್ರಿ ತಂದರೆ ಕಾಯಂ, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ಹೆಂಡತಿ ಸತ್ಯವ್ವ ಎರಡು ಮಕ್ಕಳೊಡನೆ ಸುಳಕೂಡದಲ್ಲಿ ಕಾಯುತ್ತಿದ್ದಳು.

ಮಾರ್ಗದರ್ಶಕರು ಇನಾಮದಾರ ಸರ್. ನಿಪ್ಪಾಣಿ ಕಡೆಯವರು. ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ. ಕೆಟ್ಟವರೆಂದು ಹೇಳಿದರೆ ನನ್ನ ಕಥೆಯೂ ಚೊಕ್ಕವಾಗಿಬಿಡುತ್ತದೆ, ಹಾಗಾಗಿ ಹೇಳಲಾರೆ. ಬೀರಪ್ಪಣ್ಣನ ತಾಯಿಗೆ ಮಿರಜದಲ್ಲಿ ಆಪರೇಶನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅವನ ಜೊತೆ ಕೂತವರು ಅವರೇ. ಕುರುಬರ ಹುಡುಗನಿಗೆ ಲೇಸರ್ ಯಾಕೆ ಎಂದವರ ಬಾಯಿ ಮುಚ್ಚಿಸಿದವರೂ ಅವರೇ.

ಅಳತೆ ಮಾಡುವ ದ್ರವವನ್ನು ಬೆರಳುದ್ದದ ಚೌಕ ಕುಪ್ಪಿಯಲ್ಲಿ ಹಾಕುತ್ತಿದ್ದೆವು. ಪ್ರತಿ ಸಲ ತೊಳೆದು ಒಣಗಿಸಬೇಕು. ಕೊಲ್ಹಾಪುರದ ಮಳೆಗಾಲದಲ್ಲಿ ಏನೂ ತಾನಾಗಿ ಒಣಗುವುದಿಲ್ಲ. ಒರೆಸಲು ಹಿಂದೆ ಪರದೇಶದ ತೆಳು ಕಾಗದ ಬರುತ್ತಿತ್ತಂತೆ. ಅದು ಮುಗಿದಾಗ ಸರ್, "ಅರಿವಿ ನೇಯೂ ಊರ ಬಗಲಾಗ ಕುಂತ ಸಾಯಬರ ಕಾಗದಕ್ಕ ಯಾಕ ಬಾಯಿ ಬಿಡತಿ?" ಎಂದು ಯಡ್ರಾವದಲ್ಲಿ ಬಟ್ಟೆ ಬಿಳುಪು ಮಾಡುವ ಕಾರಖಾನೆ ಇಟ್ಟ ತಮ್ಮ ಭಾವಮೈದುನನಿಂದ ಧೋತರದ ತುಂಡುಗಳ ಗಂಟು ತರಿಸಿ ಕೊಟ್ಟರಂತೆ. ಹಾಲಿನಂಥ ಬಟ್ಟೆ. ಅದನ್ನು ಬತ್ತಿಯಂತೆ ಹೊಸೆದು ಕುಪ್ಪಿಯೊಳಗೆ ತಿರುವಿದರೆ ಹನಿ ನೀರು ಉಳಿಯುತ್ತಿರಲಿಲ್ಲ. ಬಣ್ಣ ಹಾಕದ ಸೀರಮ್ಮನ್ನೂ ಪ್ರತಿ ಸಲ ಅಳೆದು ನೋಡುವ ಕ್ರಮ ಮೊದಲಿತ್ತಂತೆ. ಸಾರಜನಕ ಉಳಿಸಲು ಅದನ್ನು ಬಿಡು ಎಂದದ್ದೂ ಸರ್ ಅವರೇ ಅಂತೆ. ಇಷ್ಟೊಂದು "ಅಂತೆ" ಯಾಕೆ ಎಂದರೆ, ಇವು ನಾನು ಕಂಡದ್ದಲ್ಲ, ಬೀರಪ್ಪಣ್ಣ ಹೇಳಿದ್ದು.

ನಾನು ಕಂಡದ್ದು ಶ್ರಾವಣದ ಆ ಮಧ್ಯಾಹ್ನವನ್ನು. ಅವನು ನನಗೆ ಕೆಲಸ ಕಲಿಸುತ್ತಿದ್ದ, ನಾನು ಎಂದಿನಂತೆ ತಕರಾರು ತೆಗೆಯುತ್ತಿದ್ದೆ.

"ಬಣ್ಣ ಇಲ್ಲದಿದ್ರ ಕತ್ತಲಿ ಅಂತೀ. ಯಾಕ ನಂಬಬೇಕು? ತೋರಸು."

"ನಂಬವಾ ತಾಯಿ. ಗ್ಯಾಸ್ ಕಡಿಮಿ ಐತಿ."

"ಕೋರ್ಟಿನ್ಯಾಗ ಗ್ಯಾಸ್ ಕಡಿಮಿ ಐತಿ ಅಂದ್ರ ನಡೀತೈತೇನು?"

"ವಕೀಲಬಾಯಿ, ನಿನ್ನ ಕಟಗೊಂಡಾಂವ ದೇವರಾಗತಾನ ನೋಡು," ಎಂದು ನಕ್ಕು, ಸ್ವಲ್ಪ ಹೊತ್ತು ಕೈ ಕಟ್ಟಿ ನಿಂತ. ಆಮೇಲೆ ಕುಪ್ಪಿ ತೊಳೆದ, ಬತ್ತಿ ತಿರುವಿದ, ಬಣ್ಣ ಹಾಕದ ಬರಿಯ ಅಲ್ಬುಮಿನ್ ಸುರಿದ, ಸ್ವಿಚ್ಚು ಒತ್ತಿದ.

ಕುಪ್ಪಿಯ ನಡುವೆ ತೆಳ್ಳಗೆ ನೀಲಿ ಗೆರೆ ಎದ್ದಿತು. ಮೀಟರಿನ ಮುಳ್ಳು ಮೇಲೇರಿ ನಿಂತಿತು.

ನಗು ನಿಂತುಹೋಯಿತು. ಇನ್ನೊಂದು ಕುಪ್ಪಿ ತೆಗೆದ. ಬಟ್ಟೆ ಕಾಣದ, ಪೆಟ್ಟಿಗೆಯಲ್ಲೇ ಇದ್ದ ಹೊಸ ಕುಪ್ಪಿ. ಅದೇ ಅಲ್ಬುಮಿನ್. ಕತ್ತಲೆ. ಮತ್ತೆ ಹಳೆಯದು. ನೀಲಿ. ಹೊಸದನ್ನೇ ಬಟ್ಟೆಯಿಂದ ಒರೆಸಿದ. ನೀಲಿ. ಕೊನೆಗೆ ಆ ಧೋತರದ ತುಂಡನ್ನೇ ಕಿರಣಕ್ಕೆ ಹಿಡಿದ. ಅವನ ಅಂಗೈ, ಗಡ್ಡ, ಕಣ್ಣಿನ ಬಿಳಿ ಎಲ್ಲವೂ ಆ ನೀಲಿಯಲ್ಲಿ ಕಾಣುವಷ್ಟು ಬಟ್ಟೆ ಹೊಳೆಯಿತು.

ಬಟ್ಟೆಯನ್ನು ಬೆಳ್ಳಗೆ ತೋರಿಸಲು ಕಾರಖಾನೆಯವರು ಒಂದು ಪುಡಿ ಹಾಕುತ್ತಾರೆ. ಬಿಸಿಲಿನಲ್ಲಿ ನಮಗೆ ಕಾಣದ ಕಿರಣವನ್ನು ನುಂಗಿ ಅದು ನೀಲಿ ಬೆಳಕನ್ನು ಉಗುಳುತ್ತದೆ, ಹಳದಿ ಬಟ್ಟೆ ಬಿಳಿ ಅನ್ನಿಸುತ್ತದೆ. ಬರೀ ನೀರಿನಲ್ಲಿ ಅದರ ಹೊಳಪು ಕಡಿಮೆ. ಪ್ರೋಟೀನಿಗೆ ಅಂಟಿಕೊಂಡರೆ ಜೋರು. ಎರಡನೆಯ ಸೀಟಿನದೆಂದು ಎಣಿಸಿದ ಬೆಳಕು, ಒರೆಸುವಾಗ ಕುಪ್ಪಿಗೆ ಹತ್ತಿದ ಈ ಪುಡಿಯದು. ಸೀಟೇ ಇರಲಿಲ್ಲ.

"ಹೋತು, ವಕೀಲಬಾಯಿ," ಎಂದ. ಲೇಸರ್ ಬಂದ್ ಮಾಡುವುದು ಮರೆತಿತ್ತು. ಸಿಲಿಂಡರು ಖಾಲಿಯಾಗುವವರೆಗೆ ಅದು ಟಪ್ ಟಪ್ ಎನ್ನುತ್ತಲೇ ಇತ್ತು.

ಮರುದಿನವೇ ಸರ್ ಮುಂದೆ ಹೋಗಿ ನಿಂತೆವು. ಎಲ್ಲ ಕೇಳಿದರು. ಚಹಾ ತರಿಸಿದರು. ಕನ್ನಡದಲ್ಲಿ, ಭಾಳ ಮೆತ್ತಗೆ ಮಾತಾಡಿದರು.

"ಬೀರಪ್ಪಾ, ಪ್ರಬಂಧ ಹೋಗೇತಿ. ನನ್ನ ಹೆಸರಿಲೆ ಲೇಖನ ಅಚ್ಚಾಗೇತಿ. ಪರೀಕ್ಷಕರು ಒಪ್ಪತಾರ. ನೀ ಡಿಗ್ರಿ ತಗೋ, ನೌಕರಿ ಮಾಡು. ಆಮ್ಯಾಲೆ ನಿಧಾನಕ ಇನ್ನೊಂದು ಲೇಖನ ಬರದು, ಹಿಂಗೂ ಆಗತೈತಿ ಅಂತ ತಿದ್ದೂಣು."

"ಸುಳ್ಳಂತ ಗೊತ್ತಾಗೇತ್ರಿ ಸರ್. ಗೊತ್ತಿದ್ದೂ ಹೆಂಗ ತಗೊಳ್ಳಲಿ?"

"ಮಕ್ಕಳ ಮಾರಿ ನೋಡು."

"ನೋಡೇ ಹೇಳಾಕತ್ತೇನ್ರಿ."

ಸರ್ ಕಪ್ಪು ಕೆಳಗಿಟ್ಟರು. "ಮಗ ತುಝಂ ತೂ ಬಘ್," ಎಂದರು. ಹಾಗಾದರೆ ನಿನ್ನದು ನೀನು ನೋಡಿಕೋ. ಮರಾಠಿ ಬಂದಿತ್ತು. ಚಹಾ ಅಲ್ಲೇ ಬಿಟ್ಟು ಹೊರಗೆ ಬಂದೆವು.

ಬೀರಪ್ಪಣ್ಣ ತನ್ನ ಪ್ರಬಂಧ ತಪ್ಪು ಎಂದು ತಾನೇ ಪರೀಕ್ಷಕರಿಗೆ ತಿಳಿಸಿದ. ಕೇಂದ್ರದವರು ವಿಚಾರಣಾ ಸಮಿತಿ ಕೂರಿಸಿದರು. ಆಪಾದನೆಯ ರೂಪ ಬೇರೆಯೇ ಆಗಿತ್ತು: ಬಣ್ಣವಿಲ್ಲದ ಅಳತೆಯನ್ನು ಅಭ್ಯರ್ಥಿ ಬೇಕೆಂದೇ ಕೈಬಿಟ್ಟಿದ್ದಾನೆ, ಮಾರ್ಗದರ್ಶಕರಿಗೆ ತಿಳಿಸಿಲ್ಲ.

ನಾನು ಸಾಕ್ಷಿ ಹೇಳುತ್ತೇನೆಂದು ಹೋದೆ. ಸಮಿತಿಯವರನ್ನೆಲ್ಲ ಕತ್ತಲೆ ಕೋಣೆಗೆ ಕರೆದೊಯ್ದು ಕುಪ್ಪಿಗಳನ್ನು ತೋರಿಸಿದೆ, ಬಟ್ಟೆ ತೋರಿಸಿದೆ. ನನ್ನ ವಾದ ಸರಳವಿತ್ತು. ಕಿರಣ ನೋಡಲು ಬಿಳಿ ಕಾಗದ ಹಿಡಿಯುತ್ತೇವೆ, ಅದು ಹೊಳೆಯುವುದೂ ಇದೇ ಪುಡಿಯಿಂದ. ಇಲ್ಲಿ ಎಲ್ಲರೂ ಅದನ್ನು ದಿನಾ ನೋಡಿದ್ದಾರೆ, ಸರ್ ಕೂಡ. ಆದರೆ ಕಾಗದದಿಂದ ಬಟ್ಟೆಗೆ ಯಾರ ಬುದ್ಧಿಯೂ ಹರಿಯಲಿಲ್ಲ. ಕಾಣುವುದು ಬೇರೆ, ಕೂಡಿಸಿ ನೋಡುವುದು ಬೇರೆ. ಇದು ಎಲ್ಲರ ಕುರುಡು, ಒಬ್ಬನ ಮೋಸವಲ್ಲ. ಪುಣೆಯಿಂದ ಬಂದಿದ್ದ ವಯಸ್ಸಾದ ಸದಸ್ಯೆಯೊಬ್ಬರು ತಲೆದೂಗಿದರು. ವೇದಿಕೆಯ ಮೇಲಾದರೆ ಆ ತಲೆದೂಗಿಗೆ ಬಹುಮಾನದ ಢಾಲು ಸಿಗುತ್ತಿತ್ತು.

ಆಮೇಲೆ ಅವರೇ ಬೀರಪ್ಪಣ್ಣನನ್ನು ಕೇಳಿದರು: "ಈ ಬಟ್ಟೆ ಬಳಸಲು ಹೇಳಿದವರು ಯಾರು? ಆ ಅಳತೆ ಬಿಡಲು ಹೇಳಿದವರು ಯಾರು?"

ಅವನು ನೆಲ ನೋಡುತ್ತ ನಿಂತ. ಹೊರಗೆ ಹಂಚಿನ ಮೇಲೆ ಮಳೆ.

ನಾನು ತಡೆಯಲಾರದೆ, "ಸರ್ ಹೇಳಿದ್ದು," ಎಂದೆ.

ಇನಾಮದಾರ ಸರ್ ನನ್ನ ಕಡೆ ನೋಡಿ ಪ್ರೀತಿಯಿಂದಲೇ ನಕ್ಕರು. "ಈಕಿ ಬಂದದ್ದು ಈ ಜೂನಿನ್ಯಾಗ. ಅರಿವಿ ಬಂದದ್ದು ಹಿಂದಿನ ವರ್ಷ. ಈಕಿ ಕಂಡಾಳೇನು, ಕೇಳ್ಯಾಳೇನು, ಕೇಳ್ರಿ."

ಕೇಳಿದರು. ಕಂಡಿಲ್ಲ ಎಂದೆ. ಪರರು ಹೇಳಿದ ಮಾತು ಸಾಕ್ಷಿಯಲ್ಲ ಎಂದು ನಾನೇ ಎಷ್ಟು ಸಲ ಎದುರಾಳಿಗಳ ಬಾಯಿ ಮುಚ್ಚಿಸಿಲ್ಲ! ಮತ್ತೆ ಅವನನ್ನು ಕೇಳಿದರು. ಅವನು ಮತ್ತೂ ಸುಮ್ಮನಿದ್ದ. ಸುಮ್ಮನಿದ್ದವನ ಮೇಲೆ ಬರೆಯುವುದು ಸುಲಭ. ಅಳತೆ ತಪ್ಪು ಎಂದು ನನ್ನ ಪ್ರದರ್ಶನದಿಂದ ಸಾಬೀತಾಗಿತ್ತು. ತಪ್ಪಿಗೆ ಹೊಣೆ ಅಭ್ಯರ್ಥಿಯೆಂದು ಅವನ ಮೌನದಿಂದ.

ಗಣಪತಿ ಹಬ್ಬಕ್ಕೆ ಮೊದಲೇ ಅವನು ಟ್ರಂಕು ಹೊತ್ತು ಹೋದ. ಗಡಹಿಂಗ್ಲಜದ ಜಾಗ ಬೇರೆಯವರಿಗೆ ಹೋಯಿತು; ನಾನು ಈ ಕಾಲೇಜಿಗೆ ಬಂದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ತಾಯಿ ಆ ಚಳಿಗಾಲ ತೀರಿಕೊಂಡಳು. ಮಗ ಯಾಕೆ ಮನೆಯಲ್ಲಿದ್ದಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸರ್ ಮಾತ್ರ ಊರೂರಿಗೆ ಹೋಗಿ, ಪ್ರಯೋಗದಲ್ಲಿ ಶುಚಿತ್ವ ಎಂಬ ವಿಷಯದ ಮೇಲೆ ಆ ಧೋತರದ ತುಂಡನ್ನೇ ತೋರಿಸಿ ಭಾಷಣ ಮಾಡತೊಡಗಿದರು.

ಅವನು ಯಾಕೆ ಸುಮ್ಮನಿದ್ದ ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು. ಮಿರಜದ ಆ ಬೆಂಚು. ಅನ್ನದ ಋಣ ಅಲ್ಲ, ಅದಕ್ಕಿಂತ ಭಾರದ್ದು. ಈ ಉತ್ತರವನ್ನು ಸ್ಟಾಫ್ ರೂಮಿನಲ್ಲಿ ಹಲವು ಸಲ ಗಂಟಲೆತ್ತಿ ಹೇಳಿದ್ದೇನೆ. ಧೋತರದ ವಾಸನೆ ಬಂದ ಮರುವಾರವೂ ಅದನ್ನೇ ನಂಬಿಕೊಂಡು ಸುಳಕೂಡಕ್ಕೆ ಹೋದೆ. ನಡೆದದ್ದನ್ನು ಅವನಿಂದಲೇ ಬರೆಸಿಕೊಂಡು ಬಂದು ಎಲ್ಲರ ಮುಂದೆ ಹಿಡಿಯಬೇಕು, ಆ ನಗು ನಿಲ್ಲಬೇಕು ಎಂಬ ಹಟ.

ಅವನು ಕುರಿಗಳೊಡನೆ ದೂಧಗಂಗೆಯ ಕಡೆ ಹೋಗಿದ್ದ. ಸತ್ಯವ್ವ ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಮಾತಾಡಿದಳು. ಮೊದಲು ಅಳು, ಆಮೇಲೆ ಹೆಮ್ಮೆ.

"ಇವರು ತಪ್ಪ ಮಾಡೂ ಪೈಕಿ ಅಲ್ರಿ ಬಾಯಾರ. ಎಷ್ಟ ಹುಷಾರಿ ಇದ್ರಂತೀರಿ! ನಮ್ಮ ಸಣ್ಣವ ಹುಟ್ಟಿದ ವರ್ಷ ಸೂಟಿಗೆ ಬಂದಾಗ ನನ್ನ ಬೈದ್ರು. ಅಂಗಿಗೆ ಆ ಬಿಳಿ ಮಾಡೂ ಪುಡಿ ಹಾಕಿ ಒಗೀಬ್ಯಾಡ, ಅದು ನನ್ನ ಮಷಿನಿಗೆ ಕಾಣತೈತಿ, ಲೆಕ್ಕ ಕೆಡತೈತಿ ಅಂದ್ರು. ಅವತ್ತಿಂದ ಇವತ್ತಿನ ತನಕ ನಮ್ಮ ಮನ್ಯಾಗ ಆ ಪುಡಿ ಇಲ್ಲ ನೋಡ್ರಿ."

ಸಣ್ಣವ ಹುಟ್ಟಿದ್ದು ಪ್ರಬಂಧ ಬರೆಯುವುದಕ್ಕೆ ಮೊದಲಿನ ವರ್ಷ. ಬಟ್ಟೆಯ ಗಂಟು ಬಂದ ವರ್ಷವೂ ಅದೇ.

ಕಾಗದದಿಂದ ಬಟ್ಟೆಗೆ ಯಾರ ಬುದ್ಧಿಯೂ ಹರಿಯಲಿಲ್ಲ ಎಂಬುದು ನನ್ನ ವಾದದ ಬುಡ. ಒಬ್ಬನ ಬುದ್ಧಿ ಹರಿದಿತ್ತು. ಅಥವಾ ಅಂಗಿಯವರೆಗೆ ಹರಿದು ಅಲ್ಲೇ ನಿಂತಿತ್ತು. ಅಂಗಿಯ ತೋಳು ಕಿರಣಕ್ಕೆ ಅಡ್ಡ ಬರುತ್ತದೆ, ಹೊಳೆಯುತ್ತದೆ, ಅಷ್ಟೇ. ಒರೆಸುವ ಬಟ್ಟೆ ಬೇರೆ ವಿಷಯ. ಹಾಗೂ ಆಗಬಹುದು. ಅಂಗಿಯ ಮಾತು ಬಂದದ್ದು ಬಟ್ಟೆಯ ಗಂಟು ಬರುವುದಕ್ಕಿಂತ ಮೊದಲೂ ಇರಬಹುದು. ತಿಳಿದೂ ಬಳಸಿದವನು ಕೊನೆಗೆ ತಾನಾಗಿ ಹೋಗಿ ಯಾಕೆ ಹೇಳುತ್ತಾನೆ? ಇದು ಅವನ ಪರ. ನಾನು ತೋರಿಸು ಎಂದು ಹಟ ಹಿಡಿದಾಗ ಯಾಕೆ ಕೈ ಕಟ್ಟಿ ನಿಂತ? ಇದು ಎದುರು. ಎರಡೂ ಕಡೆಯ ವಾದ ನಾನೇ ಮಾಡಿದೆ. ಯಾವ ಕಡೆಯೂ ಗೆಲ್ಲಲಿಲ್ಲ.

ಹೊಳೆಯ ದಂಡೆಗೆ ಹೋದೆ. ಜಿಟಿಜಿಟಿ ಮಳೆಯಲ್ಲಿ ಕಂಬಳಿ ಹೊದ್ದು ನಿಂತಿದ್ದ. ಗಡ್ಡ ಬೆಳ್ಳಗಾಗಿದೆ, ಇನ್ನೂ ಆ ವಯಸ್ಸಲ್ಲ.

"ಏ, ವಕೀಲಬಾಯಿ ಬಂದಾಳ! ಯಾರ ಕೇಸು?"

"ನಿಂದ."

"ನಂದು ಮುಗದೈತಲ್ಲವಾ."

ಬರೆದುಕೊಡು ಎಂದು ಕೇಳಲು ಬಂದವಳು ಅದನ್ನು ಕೇಳಲಿಲ್ಲ. ವೈನಿ ಹೇಳಿದ ಅಂಗಿಯ ಮಾತನ್ನು ಹೇಳಿದೆ. ಅವನು ಕೇಳಿಸಿಕೊಂಡ. ಒಂದು ಮರಿ ಕಾಲು ಕುಂಟುತ್ತಿತ್ತು. ಅದನ್ನು ಹಿಡಿದು, ಗೊರಸಿನ ಸಂದಿಯ ಕೆಸರನ್ನು ಹೆಬ್ಬೆರಳಿನಿಂದ ತೆಗೆಯತೊಡಗಿದ. ಕೆಸರೆಲ್ಲ ಹೋಯಿತು, ಆದರೂ ತೆಗೆಯುತ್ತಲೇ ಇದ್ದ. ನಾನು ಅವನೆದುರಿಗೆ, ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತೆ.

"ಬೀರಪ್ಪಣ್ಣ, ನನಗೊಬ್ಬಾಕಿಗೆ ಹೇಳು, ಯಾರಿಗೂ ಹೇಳಂಗಿಲ್ಲ. ಅವತ್ತ ಕಮಿಟಿ ಮುಂದ ನೀ ಸುಮ್ಮನಿದ್ದದ್ದು ಸರ್‌ನ ಉಳಸಾಕೋ, ಇಲ್ಲಾ ಆ ಅರಿವಿ ಹೊಳೀತೈತಿ ಅಂತ ನಿನಗ ಮೊದಲ ಗೊತ್ತಿತ್ತೋ?"